ಗುಣವಾದರೂ ಬಿಡುಗಡೆಯಿಲ್ಲದವರು: ಭಾರತದ ಮನೋರೋಗಿ ಕೈದಿಗಳ ಹಕ್ಕುಗಳ ಇತಿಹಾಸ

ಬುದ್ಧಿಭ್ರಮಣೆಯ ಸ್ಥಿತಿಯಲ್ಲಿ ಅಪರಾಧ ಎಸಗಿದವನನ್ನು ಶಿಕ್ಷಿಸದೆ, ಆದರೆ ಬಿಟ್ಟುಬಿಡದೆ, ಬಂಧನದಲ್ಲಿಡುವ ಪದ್ಧತಿಯು ಇಂಗ್ಲೆಂಡಿನಲ್ಲಿ 1800ರ ಕಾಯಿದೆಯಿಂದ ಶಾಸನದ ರೂಪ ಪಡೆಯಿತು. ಮೂರನೆಯ ಜಾರ್ಜ್ ದೊರೆಯ ಮೇಲೆ ಗುಂಡು ಹಾರಿಸಿದ ಜೇಮ್ಸ್ ಹ್ಯಾಡ್‌ಫೀಲ್ಡ್‌ನ ಖುಲಾಸೆಯೇ ಅದಕ್ಕೆ ಕಾರಣವಾಗಿತ್ತು. ಬ್ರಿಟಿಷ್ ಭಾರತದ 1860ರ ದಂಡ ಸಂಹಿತೆಯ 84ನೆಯ ಕಲಮು ಇಂಥವರನ್ನು ಹೊಣೆಯಿಂದ ಮುಕ್ತಗೊಳಿಸಿತಾದರೂ, ವಿಚಾರಣೆ ಎದುರಿಸಲು ಅಸಮರ್ಥನಾದ ಆರೋಪಿಯನ್ನು ಜಾಮೀನಿನ ಮೇಲೆ ಬಿಡದಿದ್ದರೆ ‘ಸುರಕ್ಷಿತ ಅಭಿರಕ್ಷೆ’ಯಲ್ಲಿ, ಅಂದರೆ ನ್ಯಾಯಾಲಯ ಸೂಚಿಸಿದ ಕಾವಲಿನಲ್ಲಿ, ಇರಿಸಲು 1898ರ ದಂಡ ಪ್ರಕ್ರಿಯಾ ಸಂಹಿತೆ ಅವಕಾಶ ನೀಡಿತು, ಅವಧಿಯ ಮಿತಿಯನ್ನು ಮಾತ್ರ ಹೇಳಲಿಲ್ಲ.

ಆ ಮೌನದ ಪರಿಣಾಮವು ಆಗಿನ ಬಿಹಾರದ ಹಜಾರಿಬಾಗ್ ಕೇಂದ್ರ ಕಾರಾಗೃಹದಲ್ಲಿ ಬಯಲಾಯಿತು. ಅಲ್ಲಿ ಗುಣಮುಖರಾದ ಮೇಲೂ ಕೆಲವರು ಎರಡು-ಮೂರು ದಶಕಗಳ ಕಾಲ ಕೊಳೆಯುತ್ತಿದ್ದುದನ್ನು ವೀಣಾ ಸೇಠಿ ಪ್ರಕರಣದಲ್ಲಿ (1982) ಕಂಡ ಸುಪ್ರೀಂ ಕೋರ್ಟು ಅವರ ಬಿಡುಗಡೆಗೆ ಆದೇಶಿಸಿತು. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಜೈಲಿಗೆ ಸೇರಿಸುವುದೇ ಸಂವಿಧಾನಬಾಹಿರವೆಂದು ಶೀಲಾ ಬರ್ಸೆ ಪ್ರಕರಣದಲ್ಲಿ (1993) ಅದೇ ನ್ಯಾಯಾಲಯ ಘೋಷಿಸಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 103ನೆಯ ಕಲಮು ಮನೋರೋಗಿ ಕೈದಿಗಳನ್ನು ಕಾರಾಗೃಹದ ವೈದ್ಯಕೀಯ ವಿಭಾಗದ ಮನೋರೋಗ ವಾರ್ಡಿಗೆ ವರ್ಗಾಯಿಸಿದರೆ ಸಾಕೆಂದೂ, ಅಂಥ ವಾರ್ಡು ಇಲ್ಲದಿದ್ದಲ್ಲಿ ಅದೇ ಕಾಯಿದೆಯಡಿಯ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಪೂರ್ವಾನುಮತಿ ಪಡೆದು ಹೊರಗಿನ ಚಿಕಿತ್ಸಾ ಸಂಸ್ಥೆಗೆ ಕಳುಹಿಸಬಹುದೆಂದೂ ಹೇಳುತ್ತದೆ. ಕಾರಾಗೃಹದಲ್ಲಿ ಮನೋರೋಗಿ ಕೈದಿಗಳಿಲ್ಲವೆಂದು ಅಲ್ಲಿನ ವೈದ್ಯಾಧಿಕಾರಿಯು ಮೂರು ತಿಂಗಳಿಗೊಮ್ಮೆ ಮಂಡಳಿಗೆ ಪ್ರಮಾಣೀಕರಿಸಬೇಕು. ಹೀಗೆ ಹಿಂದೆ ಅಧಿಕಾರಿಗಳ ವಿವೇಚನೆಗೆ ಬಿಟ್ಟಿದ್ದ ವಿಷಯವು ಇಂದು ಹೊರಗಿನ ಮಂಡಳಿಯೊಂದಕ್ಕೆ ಉತ್ತರಿಸಬೇಕಾದ ಶಾಸನಬದ್ಧ ಕರ್ತವ್ಯವಾಗಿದೆ.