ವಾಡಿ: ಮೂರು ರಾಜಧಾನಿಗಳ ನಡುವಣ ನಿಲ್ದಾಣ

ನಮ್ಮ ನಾಡಿನಲ್ಲಿ ಒಂದು ಊರು ತಲೆಯೆತ್ತಬೇಕಾದರೆ ಅದಕ್ಕೆ ನದಿಯ ಆಸರೆಯೋ, ಕೋಟೆಯ ಕಾವಲೋ, ಸಂತೆಯ ವ್ಯವಹಾರವೋ, ದೇವಾಲಯದ ಮಹಿಮೆಯೋ ಬೇಕಾಗುತ್ತಿತ್ತು. ಚಿತ್ತಾಪುರ ತಾಲೂಕಿನ ವಾಡಿಯನ್ನು ಬೆಳೆಸಿದುದು ಎರಡು ರೈಲುಮಾರ್ಗಗಳ ಸಂಗಮ. ಸುತ್ತಲಿನ ನೆಲವಾದರೋ ಇತಿಹಾಸದಿಂದ ತುಂಬಿದುದು. ಭೀಮಾತೀರದ ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿವೆ. ನೆರೆಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳಿವೆ. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ. ಇಷ್ಟೆಲ್ಲ ಪ್ರಾಚೀನ ಸ್ಥಳಗಳು ಕಾಲಕ್ರಮದಲ್ಲಿ ಹಳ್ಳಿಗಳಾಗಿ ಕುಗ್ಗಿದ ಮೇಲೆ, ಹೆಸರಿಗೂ ಬಾರದಿದ್ದ ಒಂದು ಎಡೆ ಇಂಡಿಯಾ ದೇಶದ ಭೂಪಟದಲ್ಲಿ ಎದ್ದು ಕಾಣುವಂತಾಯಿತು.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಸೊಲ್ಲಾಪುರವನ್ನು ದಾಟಿ, ಕಲಬುರಗಿಯ ಕಪ್ಪು ನೆಲದ ಮೇಲೆ ಸಾಗಿ, 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯೊಡನೆ ಕೂಡಿಕೊಂಡಿತು. ಹೈದರಾಬಾದ್ ಪಟ್ಟಣವು ಈ ಮಹಾಮಾರ್ಗದಿಂದ ದೂರವೇ ಉಳಿದುದರಿಂದ ಅದನ್ನು ಕೂಡಿಸುವ ಒಂದು ಕವಲು ಅವಶ್ಯವಾಯಿತು. ನಿಜಾಮ ಮಹಬೂಬ್ ಅಲಿ ಖಾನ್ ಇನ್ನೂ ಬಾಲಕನಾಗಿದ್ದು, ರಾಜ್ಯಭಾರವು ದಿವಾನ ಸಾಲಾರ್ ಜಂಗನ ಕೈಯಲ್ಲಿದ್ದ ಆ ದಿನಗಳಲ್ಲಿ, 1870ರ ಒಪ್ಪಂದದಂತೆ, ನಿಜಾಮ ಸರಕಾರದ ಹಣದಿಂದಲೇ ವಾಡಿಯಿಂದ ಸಿಕಂದರಾಬಾದಿಗೆ ಸುಮಾರು 190 ಕಿಲೋಮೀಟರ್ ಉದ್ದದ ಮಾರ್ಗವನ್ನು ಹಾಕಲಾಯಿತು. 1874ರ ಅಕ್ಟೋಬರಿನಲ್ಲಿ ಅದರ ಮೇಲೆ ಗಾಡಿ ಓಡಿತು. 1889ರಲ್ಲಿ ಅದೇ ಹಳಿ ಬೆಜವಾಡದವರೆಗೆ ಬೆಳೆಯಿತು. ಚಿತ್ತಾಪುರ, ಮಳಖೇಡ, ಸೇಡಂ ಊರುಗಳಿಗೆ ರೈಲು ಬಂದುದು ಹೀಗೆ. ಮುಂಬಯಿ, ಮದರಾಸು, ಹೈದರಾಬಾದು ಎಂಬ ಮೂರು ರಾಜಧಾನಿಗಳಿಗೆ ಮೂರು ದಾರಿಗಳು ವಾಡಿಯಲ್ಲಿ ತೆರೆದುಕೊಂಡವು. ಹೈದರಾಬಾದಿಗೆ ಹೋಗುವವರಿಗೆ ಇಲ್ಲಿ ಗಾಡಿ ಬದಲಿಸುವುದೇ ಪದ್ಧತಿಯಾಯಿತು.

ಆ ಕಾಲದ ರೈಲುನೆಲದ ಒಡೆತನವು ಜಟಿಲವಾದುದು. ಭೂಮಿ ನಿಜಾಮರದಾದರೂ ಹಳಿಗಳ ಎಲ್ಲೆಯೊಳಗಿನ ಆಡಳಿತಾಧಿಕಾರವನ್ನು ಆಂಗ್ಲರಿಗೆ ಒಪ್ಪಿಸಲಾಗಿತ್ತು. ವಾಡಿಯಿಂದ ಹೊರಟ ಇದೇ ಮಾರ್ಗದ ಶಂಕರಪಲ್ಲಿ ನಿಲ್ದಾಣದಲ್ಲಿ, ದೂರದ ಸಿಮ್ಲೆಯ ಮ್ಯಾಜಿಸ್ಟ್ರೇಟನ ವಾರಂಟಿನ ಮೇಲೆ ನಿಜಾಮರ ಪ್ರಜೆಯೊಬ್ಬನನ್ನು ಸೆರೆಹಿಡಿದಾಗ ಆ ಮೊಕದ್ದಮೆಯು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ಹಳಿಯ ಮೇಲಿನ ಅಧಿಕಾರವು ರೈಲಿನ ವ್ಯವಹಾರಕ್ಕಷ್ಟೇ ಸೀಮಿತವೆಂದೂ, ಬೇರೆಡೆಯ ಆಪಾದನೆಗಾಗಿ ಅಲ್ಲಿ ಬಂಧಿಸಿದುದು ಅಕ್ರಮವೆಂದೂ 1897ರಲ್ಲಿ ತೀರ್ಪಾಯಿತು. ನಾಣ್ಯಗಳೂ ಎರಡು ಬಗೆ: ನಿಜಾಮರ ಹಾಲಿ ಸಿಕ್ಕಾ ಒಂದು, ಆಂಗ್ಲರ ಕಲ್ದಾರ್ ಇನ್ನೊಂದು, ನೂರು ಕಲ್ದಾರಿಗೆ ನೂರಹದಿನಾರಕ್ಕೂ ತುಸು ಹೆಚ್ಚು ಹಾಲಿ ಸಲ್ಲುತ್ತಿತ್ತು. ಹೊಲದಿಂದ ನೇರವಾಗಿ ಬಂದ ಒಕ್ಕಲಿಗನಿಗೆ ರೈಲೆಂಬುದು ಇಂಥ ಪರರಾಜ್ಯದ ಲೆಕ್ಕಾಚಾರದ ಪ್ರಥಮ ಪಾಠವೂ ಆಯಿತು.

ಜನರನ್ನು ಸಾಗಿಸಿದಂತೆಯೇ ಈ ಹಳಿಗಳು ಇಲ್ಲಿಯ ಕಲ್ಲನ್ನೂ ಸಾಗಿಸಿದವು. ಶಹಾಬಾದಿನ ಫರಸಿಯೆಂದು ದಕ್ಷಿಣದ ಮನೆಮನೆಗಳಲ್ಲಿ ಪರಿಚಿತವಾದ ಸುಣ್ಣಕಲ್ಲು ಈ ನೆಲದಲ್ಲಿ ಪದರ ಪದರವಾಗಿ ಮಲಗಿದೆ. ಖಣಿಯಲ್ಲಿ ಕಲ್ಲುಕುಟಿಗನು ಪದರದ ಸಂದಿಯನ್ನು ಕಣ್ಣಳತೆಯಿಂದ ಗುರುತಿಸಿ, ಉಳಿಯನ್ನಿಟ್ಟು ಅಂಚಿನುದ್ದಕ್ಕೂ ಹಗುರವಾಗಿ ಹೊಡೆಯುತ್ತಾ ಹೋದರೆ, ಬೂದುಬಣ್ಣದ ಹಾಸುಗಲ್ಲು ಅಖಂಡವಾಗಿ ಮೇಲೆದ್ದು ಬರುತ್ತದೆ. ಅವಸರದ ಒಂದು ಪೆಟ್ಟು ಬಿದ್ದರೆ ಇಡೀ ಹಾಸು ಸೀಳಿಹೋಗುತ್ತದೆ. ಇದೇ ಸುಣ್ಣಕಲ್ಲು ಸಿಮೆಂಟಿಗೂ ಯೋಗ್ಯವೆಂದು ಕಂಡುಬಂದ ಮೇಲೆ ಶಹಾಬಾದಿನಲ್ಲಿ ಕಾರ್ಖಾನೆ ಎದ್ದಿತು, 1936ರಲ್ಲಿ ಎ.ಸಿ.ಸಿ. ಎಂಬ ಸಿಮೆಂಟ್ ಕಂಪನಿ ರೂಪುಗೊಂಡಾಗ ಅದೂ ಅದರಲ್ಲಿ ಸೇರಿತು. 1968ರಲ್ಲಿ ವಾಡಿಯಲ್ಲಿಯೇ ಎ.ಸಿ.ಸಿ. ಕಾರ್ಖಾನೆ ಆರಂಭವಾಗಿ, ನಿಲ್ದಾಣದ ಊರು ಕಾರ್ಮಿಕರ ಊರೂ ಆಯಿತು. ಎಂಬತ್ತರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿಯೂ ಸಿಮೆಂಟಿನ ಚಿಮಣಿಗಳು ನಿಂತವು. ಅನ್ನಕ್ಕೆ ದಾರಿಯಾಯಿತು, ನಿಜ. ಆದರೆ ತೊಗರಿ ಹೊಲದ ಎಲೆಗಳ ಮೇಲೆ ಕೂತ ಬಿಳಿಯ ಧೂಳನ್ನು ಕಂಡವರು ಆ ಅನ್ನದ ಬೆಲೆಯನ್ನೂ ಬಲ್ಲರು.

ಈ ಮಾರ್ಗವು ಸಂಕಟದ ದಿನಗಳಿಗೂ ಸಾಕ್ಷಿಯಾಗಿದೆ. 1948ರ ಮೇ ತಿಂಗಳಲ್ಲಿ ಇದೇ ಮುಂಬಯಿ ಹಳಿಯ ಮೇಲಣ ಗಾಣಗಾಪುರ ನಿಲ್ದಾಣದಲ್ಲಿ ನಿಜಾಮರ ಪಕ್ಷದ ಸಶಸ್ತ್ರ ದಳದವರಾದ ರಜಾಕಾರರು ರೈಲಿನ ಮೇಲೆ ಎರಗಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1951ರ ನವೆಂಬರಿನಲ್ಲಿ ಪೆನಿನ್ಸುಲಾ ಕಂಪನಿಯ ಮಾರ್ಗವೂ ನಿಜಾಮ ರೈಲ್ವೆಯೂ ಕೂಡಿ ಮಧ್ಯ ರೈಲ್ವೆಯಾದವು. 1956ರಲ್ಲಿ ಕಲಬುರಗಿ ಜಿಲ್ಲೆಯು ಕನ್ನಡ ರಾಜ್ಯದಲ್ಲಿ ಸೇರಿತು. ರಾಜಧಾನಿ ಬದಲಾಯಿತು, ಹಳಿಗಳ ದಿಕ್ಕು ಬದಲಾಗಲಿಲ್ಲ. ಇಂದಿಗೂ ವಾಡಿಯು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದ್ದು, ಇಲ್ಲಿಂದ ಮುಂದೆ ರಾಯಚೂರಿನತ್ತಲೂ ಸಿಕಂದರಾಬಾದಿನತ್ತಲೂ ದಕ್ಷಿಣ ಮಧ್ಯ ರೈಲ್ವೆಯ ಸೀಮೆ ಮೊದಲಾಗುತ್ತದೆ. ಬೆಂಗಳೂರಿಗೆ ಹೊರಟವನು ಆದವಾನಿ, ಗುಂತಕಲ್ಲುಗಳ ಮೂಲಕ ಆಂಧ್ರದ ನೆಲವನ್ನು ಹಾಯ್ದೇ ತನ್ನ ರಾಜಧಾನಿಯನ್ನು ಸೇರಬೇಕು.

ಸಂಜೆಯ ಹೊತ್ತು ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದರೆ ಈ ಇತಿಹಾಸದ ಫಲವು ಕಣ್ಣಿಗೆ ಕಟ್ಟುತ್ತದೆ. ಮಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೊರಟ ಸಂಸಾರಗಳು ಗಂಟುಮೂಟೆಗಳ ನಡುವೆ ಕೂತು, ಬಟ್ಟೆಯಲ್ಲಿ ಕಟ್ಟಿತಂದ ಜೋಳದ ರೊಟ್ಟಿಗೆ ಶೇಂಗಾಹಿಂಡಿ ಹಚ್ಚಿಕೊಂಡು ಉಣ್ಣುತ್ತಿರುತ್ತವೆ. ಎಕ್ಸ್‌ಪ್ರೆಸ್ ಗಾಡಿಗಳು ಬಂದುಹೋಗುತ್ತವೆ. ಸಿಮೆಂಟಿನ ವ್ಯಾಗನ್ನುಗಳು ಪಕ್ಕದ ಹಳಿಯಲ್ಲಿ ಸಾಲುಗಟ್ಟಿರುತ್ತವೆ. ದುಡಿಯುವ ಕೈಯೂ ನೆಲದ ಕಲ್ಲೂ ಒಂದೇ ಹಾದಿಯಲ್ಲಿ ಹೊರಗೆ ಹೋಗುತ್ತವೆ.

ಹಳೆಯ ಹಳಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಅವಿಲ್ಲದಿದ್ದರೆ ವಾಡಿಯೇ ಇರುತ್ತಿರಲಿಲ್ಲ. ಆದರೆ ಅವುಗಳನ್ನು ಹಾಕಿದವರ ಪ್ರಯೋಜನವು ಅನ್ಯ ರಾಜಧಾನಿಗಳಲ್ಲಿತ್ತೆಂಬುದನ್ನೂ, ಕನ್ನಡದ ಊರನ್ನು ಕನ್ನಡದ ಊರಿಗೆ ಬೆಸೆಯುವ ಹೊಣೆಯು ನಮ್ಮ ಕಾಲಕ್ಕೇ ಉಳಿದುಬಂದಿದೆಯೆಂಬುದನ್ನೂ ಮರೆಯಲಾಗದು. 2017ರಲ್ಲಿ ಬೀದರ–ಕಲಬುರಗಿ ಮಾರ್ಗವು ತೆರೆದು ಒಂದು ಕೊರತೆ ನೀಗಿತು. 2013–14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗವು ಲಿಂಗಸುಗೂರು, ಸುರಪುರ, ಶಹಾಪುರಗಳನ್ನು ಹಾಯ್ದು ಬರಬೇಕಾಗಿದೆ. 2025ರ ಮೇ ತಿಂಗಳಲ್ಲಿ ಆ ಹಾದಿಯ ಕುಷ್ಟಗಿಯವರೆಗೆ ರೈಲು ಬಂದಿತು. ಉಳಿದ ದೂರವು ಪೂರೈಸಿದ ದಿನ ಸುರಪುರದ ರೈತನೂ ಸೇಡಮಿನ ವಿದ್ಯಾರ್ಥಿಯೂ ಹುಬ್ಬಳ್ಳಿ, ಧಾರವಾಡಗಳಿಗೆ ತಮ್ಮ ನಾಡಿನ ನೆಲದ ಮೇಲೆಯೇ ಪ್ರಯಾಣ ಮಾಡುವರು. ಒಂದೂವರೆ ಶತಮಾನ ಅನ್ಯರ ಅವಶ್ಯಕತೆಗೆ ದಾರಿತೋರಿದ ಈ ನಿಲ್ದಾಣಕ್ಕೆ ತನ್ನವರ ಅವಶ್ಯಕತೆಗಾಗಿ ಹಾಕಿದ ಒಂದು ಹಳಿ ಸಲ್ಲಬೇಕಾದುದು ನ್ಯಾಯ. ಅದನ್ನು ಇನ್ನು ತಡಮಾಡದೆ ಪೂರೈಸುವುದು ನಮ್ಮ ತಲೆಮಾರಿನ ಕರ್ತವ್ಯ.