ಮಾನಸಿಕ ಬಿಕ್ಕಟ್ಟು ಮತ್ತು ಪೊಲೀಸ್ ಬಲಪ್ರಯೋಗ: ಕರ್ನಾಟಕ

ಮಾನಸಿಕ ಕಾಯಿಲೆ ಉಲ್ಬಣಿಸಿದವರನ್ನು ತಡೆಯಲು, ಹಿಡಿಯಲು, ಆಸ್ಪತ್ರೆಗೆ ಸಾಗಿಸಲು ಪೊಲೀಸರು ಬಳಸುವ ದೈಹಿಕ ಬಲ ಮತ್ತು ಅದನ್ನು ನಿಯಂತ್ರಿಸುವ ಕಾನೂನುಗಳ ಚರಿತ್ರೆ. ಅಮೆರಿಕದಲ್ಲಿ ಈ ಚರ್ಚೆ ಹೆಚ್ಚಾಗಿ ಗುಂಡೇಟಿನ ಸುತ್ತ ನಡೆದಿದೆ. ಕರ್ನಾಟಕದಲ್ಲಿ ಅದು ಹಗ್ಗ, ಲಾಕಪ್ಪು ಮತ್ತು ದೂರದ ಆಸ್ಪತ್ರೆಯ ಕತೆ.

ಧಾರವಾಡದಲ್ಲಿ 1845ರಲ್ಲೂ ಬೆಂಗಳೂರಿನಲ್ಲಿ 1847ರಲ್ಲೂ ಹುಚ್ಚಾಸ್ಪತ್ರೆಗಳು ಆರಂಭವಾದವು. ಬ್ರಿಟಿಷ್ ಸರ್ಕಾರದ 1912ರ ಭಾರತೀಯ ಲ್ಯುನಸಿ ಕಾಯ್ದೆ, ಬೀದಿಯಲ್ಲಿ ಅಲೆಯುವ ಅಸ್ವಸ್ಥರನ್ನು ಬಂಧಿಸುವ ಅಧಿಕಾರವನ್ನು ಠಾಣಾಧಿಕಾರಿಗೆ ಕೊಟ್ಟಿತು. ಅಪಾಯಕಾರಿ ಎಂದು ಕಂಡವರನ್ನು ಬಂಧಿಸಲೇಬೇಕಿತ್ತು. ಅಪರಾಧವನ್ನೇ ಮಾಡದವರು ದೇಶದ ಹಲವೆಡೆ ಜೈಲಿನಲ್ಲಿ ವರ್ಷಗಟ್ಟಲೆ ಉಳಿದುಹೋದರು. ಇದು ಕಾನೂನುಬಾಹಿರ, ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದ್ದು 1993ರಲ್ಲಿ. ಅಷ್ಟರಲ್ಲಿ 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂದಿತ್ತು. ಅದರಲ್ಲಿ ‘ಬಂಧನ’ ಹೋಗಿ ‘ರಕ್ಷಣೆ’ ಬಂತಾದರೂ, ದಾರಿ ಮಾತ್ರ ಠಾಣೆಯಿಂದ ಮ್ಯಾಜಿಸ್ಟ್ರೇಟರ ಮುಂದಕ್ಕೇ ಸಾಗುತ್ತಿತ್ತು.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ದೊಡ್ಡ ಮಾನಸಿಕ ಆಸ್ಪತ್ರೆಗಳು ಅದಕ್ಕೆ ದೂರದ ಧಾರವಾಡ, ಬೆಂಗಳೂರುಗಳಲ್ಲೇ ಉಳಿದವು. ರಾಯಚೂರಿನ ಗುಂಜಹಳ್ಳಿಯಂಥ ಊರಿನಲ್ಲಿ ಒಬ್ಬರ ತಲೆ ಕೆಟ್ಟು ಮನೆಯವರ ಕೈಮೀರಿದರೆ ಏನಾಗುತ್ತದೆ ಎಂಬುದನ್ನು ಈ ದೂರವೇ ನಿರ್ಧರಿಸುತ್ತದೆ. ಕೈಕಾಲು ಕಟ್ಟಿ ಟಂಟಂ ಆಟೊದಲ್ಲಿ ಮಲಗಿಸುವ ಕೆಲಸ ಪೊಲೀಸರು ಬರುವ ಮುನ್ನವೇ ಮುಗಿದಿರಬಹುದು. ಕಟ್ಟಿದ ಹಗ್ಗವನ್ನು ಬಿಚ್ಚಿಸುವುದೋ ಬಿಗಿಗೊಳಿಸುವುದೋ ಎಂಬ ತೀರ್ಮಾನ ಮಾತ್ರ ಪೇದೆಗೆ ಉಳಿಯುತ್ತದೆ. ಅವನಿಗೆ ಬೇಕಾದದ್ದು ಹತ್ತಿರದಲ್ಲೊಬ್ಬ ವೈದ್ಯ. ಲಾಠಿಯ ತರಬೇತಿ ಅವನಿಗೆ ಮೊದಲೇ ಆಗಿರುತ್ತದೆ.

ಈ ಕೊರತೆಗೆ ಉತ್ತರ ಹುಡುಕಿದ್ದು ನೆರೆಯ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕೂರಿಸುವ ರಾಜ್ಯದ ‘ಮನೋಚೈತನ್ಯ’ ಯೋಜನೆ ಅದೇ ದಾರಿಯದು. ಬಿಕ್ಕಟ್ಟು ಮಂಗಳವಾರ ನೋಡಿ ಬರುವುದಿಲ್ಲ ಎಂಬ ತೊಡಕಂತೂ ಇದ್ದೇ ಇದೆ.

2018ರ ಮೇ 29ರಂದು ಜಾರಿಯಾದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದಾರಿಯನ್ನೇ ತಿರುಗಿಸಿತು. 100ನೇ ಕಲಮಿನ ಪ್ರಕಾರ, ರಕ್ಷಣೆಗೆ ಪಡೆದ ವ್ಯಕ್ತಿಯನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತ ನೆನಪು ದೇಶಕ್ಕಿತ್ತು. 95ನೇ ಕಲಮು ಸರಪಳಿಯನ್ನು ಪೂರ್ತಿ ನಿಷೇಧಿಸಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದಿತು 115ನೇ ಕಲಮು.

ದೊಡ್ಡ ಲೋಪವೊಂದು ಉಳಿಯಿತು. ರೋಗಿಯನ್ನು ಕಟ್ಟಿಹಾಕುವುದಕ್ಕೆ ಆಸ್ಪತ್ರೆಯೊಳಗೆ 97ನೇ ಕಲಮಿನ ವಿವರವಾದ ಕಟ್ಟುಪಾಡು ಇದೆ. ಬೀದಿಯಲ್ಲಿ ಪೊಲೀಸರು ಎಷ್ಟು ಬಲ ಬಳಸಬಹುದು ಎಂಬುದನ್ನು 100ನೇ ಕಲಮು ಹೇಳುವುದಿಲ್ಲ. ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚು ನಿರ್ಬಂಧ ಸಲ್ಲದು ಎಂಬ ಸಾಮಾನ್ಯ ನಿಯಮ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಅದು ಬಂಧಿತರಿಗಾಗಿ ಬರೆದದ್ದು. ಅಮೆರಿಕದ ಮೆಂಫಿಸ್‌ನಲ್ಲಿ 1987ರಲ್ಲಿ ಅಸ್ವಸ್ಥ ಯುವಕನೊಬ್ಬ ಪೊಲೀಸ್ ಗುಂಡಿಗೆ ಬಲಿಯಾದ ಮೇಲೆ, ಮರುವರ್ಷವೇ ವಿಶೇಷ ತರಬೇತಿ ಪಡೆದ ಪೊಲೀಸರ ತಂಡ ಹುಟ್ಟಿತು. ಅಂಥ ತಂಡ ಕಟ್ಟುವ ಕರ್ತವ್ಯವನ್ನು ನಮ್ಮ ಕಾಯ್ದೆ ಠಾಣೆಗಳಿಗೆ ವಿಧಿಸಿಲ್ಲ. ಪೊಲೀಸರಿಗೆ ಈ ಕಾಯ್ದೆಯ ಅರಿವು ಮೂಡಿಸಬೇಕು ಎಂಬಲ್ಲಿಗೆ ಅದು ನಿಲ್ಲುತ್ತದೆ.

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಗಳ ಮನೆಯವರಿಗೆ ಇಂದು ಮೂರು ಸಂಖ್ಯೆಗಳಿವೆ: ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108, 2022ರ ಅಕ್ಟೋಬರ್‌ನಿಂದ ಹಗಲಿರುಳು ಸಲಹೆ ಕೊಡುವ ಟೆಲಿ ಮಾನಸ್ 14416. 2017ರ ಕಾಯ್ದೆ ಮೀರಿದವರಿಗೆ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಮವಸ್ತ್ರ ತೊಟ್ಟವರಿಗೆ ಇದರಲ್ಲಿ ವಿನಾಯಿತಿ ಇಲ್ಲ.