ಹಕ್ಸ್ಲಿಯ ಕಾಡ್ ಗುಡ್ಡ: 1883ರ ಒಂದು ಲೆಕ್ಕದ ಮರುಪರಿಶೀಲನೆ

ಕಡಲ ಮೀನುಗಾರಿಕೆಯ ಇತಿಹಾಸ ಬರೆಯುವವರಿಗೆ ಬ್ರಿಟಿಷ್ ಜೀವಶಾಸ್ತ್ರಜ್ಞ ಥಾಮಸ್ ಹೆನ್ರಿ ಹಕ್ಸ್ಲಿಯಷ್ಟು ಅನುಕೂಲದ ಮನುಷ್ಯ ಇನ್ನೊಬ್ಬನಿಲ್ಲ. ದೊಡ್ಡ ಕಡಲ ಮೀನುಗಾರಿಕೆಗಳೆಲ್ಲ ಬಹುಶಃ ಎಂದೂ ಬರಿದಾಗವು ಎಂದು ಆತ 1883ರ ಲಂಡನ್ ಅಂತಾರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನದಲ್ಲಿ ಹೇಳಿದ. ಆ ಮಾತನ್ನು ಎತ್ತಿಕೊಂಡು, 1992ರಲ್ಲಿ ಕೆನಡಾ ಸರ್ಕಾರ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಾಡ್ ಮೀನು ಹಿಡಿಯುವುದನ್ನೇ ನಿಲ್ಲಿಸಿದ ಸಂಗತಿಯ ಪಕ್ಕದಲ್ಲಿಟ್ಟರೆ ಅಧ್ಯಾಯ ತಾನಾಗಿ ಮುಗಿಯುತ್ತದೆ. ಇದನ್ನು ಒಪ್ಪದವರೂ ಇದ್ದಾರೆ. ಸದ್ಯದ ಹಿಡಿಯುವ ವಿಧಾನಗಳ ಮಟ್ಟಿಗೆ ಎಂಬ ಷರತ್ತನ್ನು ಹಕ್ಸ್ಲಿ ಹಾಕಿದ್ದ, ಸಿಂಪಿ ಮತ್ತು ಸಾಲ್ಮನ್‌ಗಳನ್ನು ಆ ಮಾತಿನಿಂದ ಹೊರಗಿಟ್ಟಿದ್ದ, ಆದ್ದರಿಂದ ಆತ ನಿರ್ದೋಷಿ ಎನ್ನುವುದು ಇವರ ವಾದ. ಷರತ್ತು ಇದ್ದದ್ದು ನಿಜ. ಆದರೆ ಇಂಗ್ಲೆಂಡಿನ ಗ್ರಿಮ್ಸ್ಬಿ ಬಂದರಿನಲ್ಲಿ, ಕಡಲತಳದಲ್ಲಿ ಬಲೆ ಎಳೆಯುವ ಉಗಿಯಂತ್ರದ ಟ್ರಾಲರುಗಳು ಕಡಲಿಗಿಳಿದು ಆಗಲೇ ವರ್ಷ ಕಳೆದಿತ್ತು. 'ಸದ್ಯದ ವಿಧಾನ' ಸದ್ಯದ್ದಾಗಿ ಉಳಿದಿರಲಿಲ್ಲ.

ಎರಡೂ ಪಕ್ಷದವರು ಬಿಟ್ಟುಬಿಟ್ಟಿರುವುದು ಭಾಷಣದ ನಡುವಿನ ಲೆಕ್ಕವನ್ನು. ನಾರ್ವೆಯ ಲೊಫೋಟೆನ್ ದ್ವೀಪಗಳ ಬಳಿ ಚಳಿಗಾಲದಲ್ಲಿ ಸೇರುವ ಕಾಡ್ ಹಿಂಡುಗಳಿಗೆ ಅಲ್ಲಿನವರು ಗುಡ್ಡ ಎನ್ನುತ್ತಾರೆ, ಅವು 120ರಿಂದ 180 ಅಡಿ ದಪ್ಪವಿರುತ್ತವೆ ಎಂಬ ವಿವರ ಹಕ್ಸ್ಲಿಗೆ ನಾರ್ವೆಯ ಪ್ರಾಣಿಶಾಸ್ತ್ರಜ್ಞ ಸಾರ್ಸ್‌ನಿಂದ ಸಿಕ್ಕಿತ್ತು. ಇದರ ಮೇಲೆ ಹಕ್ಸ್ಲಿ ಲೆಕ್ಕ ಕಟ್ಟುತ್ತಾನೆ. ಒಂದು ಚದರ ಮೈಲಿ ಹಿಂಡಿನಲ್ಲಿ 12 ಕೋಟಿ ಕಾಡ್. ಒಂದೊಂದು ದಿನಕ್ಕೊಂದು ಹೆರಿಂಗ್ ಮೀನು ತಿಂದರೂ ವಾರಕ್ಕೆ 84 ಕೋಟಿ. ಇಡೀ ನಾರ್ವೆಯ ಮೀನುಗಾರರು ಹಿಡಿಯುವ ಹೆರಿಂಗ್ 40 ಕೋಟಿಯನ್ನೂ ದಾಟದು. ಹೀಗಿರುವಾಗ ಮನುಷ್ಯ ಹಿಡಿಯುವುದು ಯಾವ ಲೆಕ್ಕ?

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಆ ಕಾಡ್‌ಗಳು ಲೊಫೋಟೆನ್‌ನ ನಿವಾಸಿಗಳಲ್ಲ. ವರ್ಷದ ಬಹುಭಾಗ ಬ್ಯಾರೆಂಟ್ಸ್ ಸಮುದ್ರದಲ್ಲಿ ಚದುರಿಕೊಂಡಿದ್ದು, ಮೊಟ್ಟೆ ಇಡಲು ಒಂದೆಡೆ ನೆರೆಯುವ ಮೀನುಗಳು. ಅಲ್ಲಿನ ದಟ್ಟಣೆ ಕಂಡು ಕಡಲಿನ ಸಮೃದ್ಧಿಯನ್ನು ಅಳೆಯುವುದು, ತೇರಿನ ದಿನ ರಥಬೀದಿಯಲ್ಲಿ ನಿಂತು ಊರಿನ ಜನಸಂಖ್ಯೆ ಬರೆದುಕೊಂಡ ಹಾಗೆ. ನೆರೆಯುವ ಮೀನನ್ನು ಹಿಡಿಯುವುದೂ ಸುಲಭ. ಸಂಖ್ಯೆ ಕುಗ್ಗುತ್ತಿದ್ದರೂ ನೆರೆದ ಜಾಗದಲ್ಲಿ ಬಲೆ ತುಂಬಿಯೇ ಬರಬಹುದು. ಇನ್ನು 84 ಕೋಟಿಯ ಮಾತು. ಕಾಡ್ ತಿಂದು ಮುಗಿಸುವಷ್ಟನ್ನು ಹೆರಿಂಗ್ ಸಂತಾನ ತುಂಬಿಕೊಡುತ್ತದೆ ಎಂದರೆ ಆ ಆದಾಯಕ್ಕೆ ಆಗಲೇ ಖರ್ಚು ನಿಗದಿಯಾಗಿದೆ ಎಂದರ್ಥ. ಮನುಷ್ಯನ ಪಾಲು ಅದರ ಮೇಲಿನದು.

ಹಾಗಾಗಿ ಹಕ್ಸ್ಲಿಯನ್ನು ನ್ಯೂಫೌಂಡ್‌ಲ್ಯಾಂಡಿನಲ್ಲಿ ಹಿಡಿಯಲು ಹೋಗುವುದು ವ್ಯರ್ಥ. ಆತ ಲೆಕ್ಕಕ್ಕೆ ಆರಿಸಿಕೊಂಡ ಕಾಡ್ ಸಂತತಿ ಏರಿಳಿತ ಕಂಡರೂ ಇಂದಿಗೂ ಜಗತ್ತಿನ ಅತಿ ದೊಡ್ಡ ಕಾಡ್ ಸಂತತಿಯೇ. ಕುಸಿದದ್ದು ಆ ಲೆಕ್ಕದ ಇನ್ನೊಂದು ಬದಿ: 1960ರ ದಶಕದ ಕೊನೆಗೆ ನಾರ್ವೆಯ ಹೆರಿಂಗ್ ಹೆಚ್ಚುಕಡಿಮೆ ಇಲ್ಲವಾಯಿತು, ಚೇತರಿಸಿಕೊಳ್ಳಲು ಎರಡು ದಶಕ ಬೇಕಾಯಿತು. (ಆ ವರ್ಷಗಳಲ್ಲಿ ನೀರು ತಣ್ಣಗಾದದ್ದೂ ಒಂದು ಕಾರಣ ಎನ್ನುವವರಿದ್ದಾರೆ, ಇರಬಹುದು. ಆದರೆ ಯಂತ್ರದಿಂದ ಎಳೆಯುವ ಪರ್ಸೀನ್ ಬಲೆಯನ್ನೂ ಮೀನಿನ ಹಿಂಡನ್ನು ಶಬ್ದದಿಂದ ಪತ್ತೆಹಚ್ಚುವ ಸಾಧನವನ್ನೂ ಬದಿಗಿಟ್ಟು ಬರೀ ನೀರನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಅದೇ ಪರ್ಸೀನ್ 1970ರ ದಶಕದಲ್ಲಿ ನಮ್ಮ ಕರಾವಳಿಗೂ ಬಂದು, ದಡದಿಂದ ಎಳೆಯುವ ರಂಪಣಿ ಬಲೆಯನ್ನು ಮೂಲೆಗೆ ತಳ್ಳಿತು.)

ಈ ಲೆಕ್ಕದ ಬೇರು ಇನ್ನೂ ಹಿಂದಿದೆ. ಕಡಲ ಮೀನುಗಾರಿಕೆಯ ತನಿಖೆಗೆ 1863ರಲ್ಲಿ ಬ್ರಿಟನ್ನಿನಲ್ಲಿ ನೇಮಕಗೊಂಡ ರಾಯಲ್ ಆಯೋಗದಲ್ಲಿ ಜೇಮ್ಸ್ ಕೇರ್ಡ್, ಶಾ-ಲಿಫೆವರ್ ಜೊತೆ ಹಕ್ಸ್ಲಿಯೂ ಇದ್ದ. ಬ್ರಿಟನ್ನಿನ ಕರಾವಳಿಯುದ್ದಕ್ಕೂ ಸುತ್ತಿದ ಆಯೋಗ 60,000ಕ್ಕೂ ಹೆಚ್ಚು ಪ್ರಶ್ನೆ ಕೇಳಿತು. ಗಾಳದ ಮೀನುಗಾರರು ಹೇಳಿದ್ದು ಎರಡು ಮಾತು. ಟ್ರಾಲ್ ಬಲೆ ತಳದಲ್ಲಿರುವ ಮೊಟ್ಟೆಗಳನ್ನು ಅರೆದು ಹಾಕುತ್ತಿದೆ ಎಂಬುದು ಒಂದು. ದಡದ ಬಳಿ ಮೀನಿಲ್ಲ, ದೂರ ಹೋಗಬೇಕಾಗಿದೆ ಎಂಬುದು ಇನ್ನೊಂದು. ಮೊದಲನೆಯದು ಕಾಡ್‌ನ ಮಟ್ಟಿಗೆ ತಪ್ಪು. ಅದರ ಮೊಟ್ಟೆ ತೇಲುತ್ತದೆ ಎಂಬುದನ್ನು ಅದೇ ಸಾರ್ಸ್ ಅದೇ ದಶಕದಲ್ಲಿ ಲೊಫೋಟೆನ್‌ನಲ್ಲಿ ಕಂಡುಕೊಂಡ. ಎರಡನೆಯದಕ್ಕೆ ಮೊಟ್ಟೆಯ ಹಂಗಿಲ್ಲ, ಅದು ಅನುಭವದ ವರದಿ. 1866ರ ವರದಿ ಎರಡನ್ನೂ ಒಂದೇ ಕಟ್ಟಿಗೆ ಸೇರಿಸಿ, ದೇಶಕ್ಕೆ ಬರುವ ಮೀನು ಹೆಚ್ಚುತ್ತಿದೆ ಎಂಬ ಉತ್ತರ ಕೊಟ್ಟು ಬದಿಗೆ ಸರಿಸಿತು. ಹೆಚ್ಚು ದೋಣಿ ಹೆಚ್ಚು ದೂರ ಹೋದರೆ ಹೆಚ್ಚು ಮೀನು ಬರುತ್ತದೆ. ಗಾಳದವರ ದೂರಿಗೆ ಅದು ಉತ್ತರವೇ ಆಗಿರಲಿಲ್ಲ. ನಿರ್ಬಂಧದ ಹಳೆಯ ಕಾನೂನುಗಳು 1868ರಲ್ಲಿ ರದ್ದಾದವು. (ಸಾಕ್ಷಿಗಳು ಸ್ವಾರ್ಥದಿಂದ ಮಾತಾಡಿದರು ಎಂಬ ಆಕ್ಷೇಪ ಮತ್ತೆ ಮತ್ತೆ ಕೇಳಿಬರುತ್ತದೆ. ಟ್ರಾಲ್ ದೋಣಿಯವರೇನು ಪರೋಪಕಾರಕ್ಕೆ ಸಾಕ್ಷಿ ಹೇಳಿದರೇ?)

ಹಕ್ಸ್ಲಿಯ ತರ್ಕವನ್ನು ಆಗಲೇ ಮುರಿದವನೊಬ್ಬನಿದ್ದ. ಕಡಲಲ್ಲಿ ಹೆಚ್ಚುವರಿ ಎನ್ನುವುದು ಇಲ್ಲ, ಹುಟ್ಟುವ ಪ್ರತಿ ಮರಿಗೂ ತಿನ್ನುವವರ ಸಾಲಿನಲ್ಲಿ ಜಾಗ ನಿಗದಿಯಾಗಿದೆ, ಮನುಷ್ಯ ಹೊಸದಾಗಿ ಕೈಹಾಕಿದರೆ ಸಮತೋಲ ತಪ್ಪುತ್ತದೆ ಎಂದು ಪ್ರಾಣಿಶಾಸ್ತ್ರಜ್ಞ ರೇ ಲ್ಯಾಂಕೆಸ್ಟರ್ ಅದೇ 1883ರ ಪ್ರದರ್ಶನದಲ್ಲಿ ವಾದಿಸಿದ. ಇದು ಅದೇ ಪ್ರದರ್ಶನದ ಪ್ರಕಟಿತ ಸಂಪುಟಗಳಲ್ಲಿದೆ. ಹಕ್ಸ್ಲಿಯ ಒಂದು ವಾಕ್ಯ ಹುಡುಕಿದವರು ಇನ್ನಷ್ಟು ಪುಟ ತಿರುವಬಹುದಿತ್ತು.

ಅಂಕಿಅಂಶದ ಪುರಾವೆ 1900ರಲ್ಲಿ ಬಂತು. ಇಂಗ್ಲೆಂಡಿನ ಟ್ರಾಲ್ ಮೀನುಗಾರಿಕೆಯ 1889ರಿಂದ 1898ರವರೆಗಿನ ಸಂಖ್ಯೆಗಳನ್ನು ಜೋಡಿಸಿದ ಪ್ರಾಣಿಶಾಸ್ತ್ರಜ್ಞ ವಾಲ್ಟರ್ ಗಾರ್ಸ್ಟಾಂಗ್, ಹಿಡಿದ ಒಟ್ಟು ಮೀನು ಕಡಿಮೆಯಾಗದಿದ್ದರೂ ದೋಣಿಯ ಶಕ್ತಿಗೆ ತಕ್ಕ ಪಾಲು ಸರಿಸುಮಾರು ಅರ್ಧಕ್ಕಿಳಿದದ್ದನ್ನು ತೋರಿಸಿದ. 2010ರಲ್ಲಿ ಥರ್ಸ್ಟನ್, ಬ್ರಾಕಿಂಗ್ಟನ್, ರಾಬರ್ಟ್ಸ್ ಎಂಬ ಸಂಶೋಧಕರು ಅದೇ ಅಳತೆಯನ್ನು 118 ವರ್ಷಗಳಿಗೆ ವಿಸ್ತರಿಸಿ ಶೇಕಡ 94ರಷ್ಟು ಕುಸಿತ ಕಂಡರು. ಆದರೆ ಅವರ ಕೋಷ್ಟಕವೂ 1889ರಿಂದಲೇ ಶುರು. ಗಾಳದ ಮೀನುಗಾರರು ದಡದ ಬಳಿ ಮೀನಿಲ್ಲವೆಂದು ಆಯೋಗದ ಮುಂದೆ ಹೇಳಿದ್ದು ಅದಕ್ಕೂ ಕಾಲು ಶತಮಾನ ಮೊದಲು. ಅವರ ಮಾತಿಗೆ ಬೆಲೆ ಕೊಡುವುದಾದರೆ ಶೇಕಡ 94 ಎಂಬುದೂ ಕಡಿಮೆಯ ಅಂದಾಜೇ.